ಕೊಲೆಗಾರನ ಹೆಸರೆತ್ತದೆ ಕಾದಂಬರಿಯ ಗುಣದೋಷ ಹೇಳುವ ಬಗೆ

ಪತ್ತೇದಾರಿ ಕಾದಂಬರಿಯ ವಿಮರ್ಶೆ ಬರೆಯುವವರು ಅದನ್ನು ಎರಡು ಸಲ ಓದಲೇಬೇಕು. ಮೊದಲ ಸಲ ಪೆನ್ಸಿಲ್ ಮುಟ್ಟದೆ, ರಾತ್ರಿ ಬಸ್ಸಿನಲ್ಲಿ ಕೂತ ಓದುಗನಂತೆ ಒಂದೇ ಪಟ್ಟಿಗೆ ಓದಿ ಮುಗಿಸಬೇಕು. ಯಾವ ಪುಟದಲ್ಲಿ ಯಾರ ಮೇಲೆ ಅನುಮಾನ ಹುಟ್ಟಿತು, ಎಲ್ಲಿ ಆಕಳಿಕೆ ಬಂತು ಅನ್ನುವುದಷ್ಟೇ ಆಗ ಮುಖ್ಯ. ಎರಡನೆಯ ಸಲ ಓದುವಾಗ ಕೊಲೆಗಾರ ಯಾರೆಂದು ಗೊತ್ತಿರುತ್ತದೆ. ಆಗ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದುಕೊಳ್ಳಿ: ಪುಟ ಸಂಖ್ಯೆ, ಅಲ್ಲಿ ಓದುಗನಿಗೆ ಸಿಕ್ಕ ಸುಳಿವು, ಪತ್ತೇದಾರನಿಗೆ ಮಾತ್ರ ಗೊತ್ತಾದ ಸಂಗತಿ. ಮೂರನೆಯ ಕಾಲಂ ತುಂಬಿ ಎರಡನೆಯದು ಬರಿದಾಗಿ ಉಳಿದರೆ ಲೇಖಕ ಓದುಗನಿಗೆ ಮೋಸ ಮಾಡಿದ್ದಾನೆ ಎಂದೇ ಅರ್ಥ. ಇಂಗ್ಲೆಂಡಿನ ಪಾದ್ರಿ ಮತ್ತು ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ೧೯೨೯ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಎರಡು ಇವತ್ತಿಗೂ ಸವೆದಿಲ್ಲ. ಅಪರಾಧಿಯ ಪ್ರಸ್ತಾಪ ಕತೆಯ ಶುರುವಿನ ಭಾಗದಲ್ಲೇ ಆಗಿರಬೇಕು. ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಕೂಡಲೇ ಓದುಗನ ಮುಂದೂ ಬರಬೇಕು.

ಥ್ರಿಲ್ಲರ್‌ಗೆ ಈ ಅಳತೆ ಹಿಡಿಯಬಾರದು. ಅಲ್ಲಿ ಕೊಲೆಗಾರ ಮೊದಲ ಪುಟದಲ್ಲೇ ಗೊತ್ತಿರಬಹುದು. ಅವನು ಸಿಕ್ಕಿಬೀಳುವುದರೊಳಗೆ ಇನ್ನೆಷ್ಟು ಅನಾಹುತ ಮಾಡುತ್ತಾನೆ ಎಂಬುದೇ ಆ ಕತೆಯ ಬಿಗಿ. ಕೈಯಲ್ಲಿರುವುದು ಯಾವ ಜಾತಿಯ ಪುಸ್ತಕ ಎಂದು ತೀರ್ಮಾನಿಸದೆ ಬರೆದ ವಿಮರ್ಶೆ ಒಳ್ಳೆಯ ಥ್ರಿಲ್ಲರನ್ನು ಕೆಟ್ಟ ಪತ್ತೇದಾರಿ ಎಂದು ಬೈದು ಮುಗಿಸುತ್ತದೆ.

ನಮ್ಮ ಕಡೆಯ ಕತೆಯಾದರೆ ಮೊದಲು ಪರೀಕ್ಷೆಗೆ ಹಚ್ಚಬೇಕಾದದ್ದು ಬಿಸಿಲು. ಬದುಕಿರುವ ಮೈಯ ಕಾವು ಸುಮಾರು ೩೭ ಡಿಗ್ರಿ. ಸತ್ತ ಮೇಲೆ ಅದು ಸುತ್ತಲಿನ ಗಾಳಿಯ ಮಟ್ಟಕ್ಕೆ ಬರುತ್ತಾ ಹೋಗುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಗಾಳಿಯೇ ೪೦ ಡಿಗ್ರಿ ದಾಟಿರುವಾಗ ತಗಡಿನ ಶೆಡ್ಡಿನಲ್ಲಿ ಬಿದ್ದ ಹೆಣ ತಣ್ಣಗಾಗುವುದಾದರೂ ಹೇಗೆ? ಆದರೂ ಕಾದಂಬರಿಯ ಡಾಕ್ಟರು ಕೈ ಮುಟ್ಟಿ ನೋಡಿ, ಮೈ ತಣ್ಣಗಿದೆ, ಆರು ತಾಸಾಗಿದೆ ಎನ್ನುತ್ತಾರೆ. ಅದು ಚಳಿ ದೇಶದ ಕತೆಯಿಂದ ಹಾಗೇ ಎತ್ತಿಕೊಂಡ ಸಾಲು. ಹೆಣ ಸೆಟೆಯುವುದೂ ಅಷ್ಟೇ. ಸಾಮಾನ್ಯವಾಗಿ ಎರಡು ಮೂರು ತಾಸಿನಲ್ಲಿ ರೆಪ್ಪೆ, ದವಡೆ, ಕುತ್ತಿಗೆಯಿಂದ ಶುರುವಾಗಿ ಸುಮಾರು ೧೨ ತಾಸಿಗೆ ಇಡೀ ಮೈಗೆ ಹರಡುತ್ತದೆ. ಬೇಸಿಗೆಯಲ್ಲಿ ಬೇಗ ಬಂದು ಬೇಗ ಬಿಟ್ಟುಹೋಗುತ್ತದೆ, ಚಳಿಯಲ್ಲಿ ತಡವಾಗಿ ಬಂದು ಹೆಚ್ಚು ಹೊತ್ತು ನಿಲ್ಲುತ್ತದೆ. ಆರೋಪಿ ಆ ಹೊತ್ತಿಗೆ ಬೇರೆ ಊರಲ್ಲಿದ್ದ ಎಂಬುದರ ಮೇಲೆಯೇ ಕತೆ ನಿಂತಿದ್ದರೆ, ತಿಂಗಳು ಯಾವುದು, ಹೆಣ ಬಯಲಲ್ಲಿತ್ತೋ ಒಳಗಿತ್ತೋ ಎಂದು ಹುಡುಕಿ ಬರೆದುಕೊಳ್ಳಿ.

ಮಣ್ಣು ಕೂಡ ಸಾಕ್ಷಿ ಹೇಳುತ್ತದೆ. ಬೇಸಿಗೆಯ ಎರೆ ಹೊಲ ಬಿರುಕು ಬಿಟ್ಟು ಹೆಂಟೆಯಾಗಿರುತ್ತದೆ, ಅಲ್ಲಿ ಬೂಟಿನ ಅಚ್ಚು ಸ್ಪಷ್ಟವಾಗಿ ಕೂರುವುದಿಲ್ಲ. ಅದೇ ಹೊಲ ಮಳೆ ಬಿದ್ದಾಗ ಕಾಲಿಗೆ ಅಂಟಿ ಸೇರುಗಟ್ಟಲೆ ಎದ್ದು ಬರುತ್ತದೆ. ಸಂಡೂರಿನ ಅದಿರಿನ ಕೆಂಪು ಧೂಳು ಲಾರಿಯ ಚಾಸಿಯಲ್ಲಿ ಸಿಕ್ಕು ಗುಟ್ಟು ಬಿಟ್ಟುಕೊಡುವ ಕತೆ ಬಂದರೆ ನಂಬಬಹುದು, ಮೆಚ್ಚಲೂಬಹುದು.

ಇನ್ನು ಕಾನೂನು. ಕೊಲೆ ನಡೆದದ್ದು ೨೦೨೪ರ ಜುಲೈ ೧ಕ್ಕಿಂತ ಮುಂಚೆ ಎಂದಾದರೆ ಹಳೆಯ ಭಾರತೀಯ ದಂಡ ಸಂಹಿತೆಯ ೩೦೨ನೆಯ ಕಲಂ ಸರಿ. ಆ ದಿನದಿಂದ ಈಚೆಗೆ ಭಾರತೀಯ ನ್ಯಾಯ ಸಂಹಿತೆಯ ೧೦೩. ಇದಕ್ಕಿಂತ ದೊಡ್ಡ ತಪ್ಪು ಕೊನೆಯ ಅಧ್ಯಾಯದಲ್ಲಿರುತ್ತದೆ: ಆರೋಪಿ ಠಾಣೆಯಲ್ಲಿ ಅತ್ತು ಎಲ್ಲ ಒಪ್ಪಿಕೊಂಡ, ಕೇಸು ಮುಗಿಯಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಅವನು ಹೇಳಿದ ಜಾಗದಲ್ಲಿ ಕುಡಗೋಲು ಸಿಕ್ಕರೆ, ಅದನ್ನು ಪತ್ತೆಮಾಡಿಸಿದ ಮಾತಿನಷ್ಟು ಭಾಗಕ್ಕೆ ಬೆಲೆ ಬರುತ್ತದೆ. ಇದನ್ನು ಬಲ್ಲ ಲೇಖಕ ತೋಡುಬಾವಿಗೆ ಇಳಿಸಿ ಕುಡಗೋಲು ತೆಗೆಸುತ್ತಾನೆ, ಪಂಚರನ್ನು ನಿಲ್ಲಿಸಿ ಪಂಚನಾಮೆ ಬರೆಸುತ್ತಾನೆ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ೨೦೧೦ರಲ್ಲಿ ಹೇಳಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. ಆಮೇಲಿನ ಕಾಲದ ಕತೆಯಲ್ಲಿ ಆರೋಪಿಯನ್ನು ಎಳೆದೊಯ್ದು ಸೂಜಿ ಚುಚ್ಚಿಸಿದರೆ ಅದನ್ನು ಹೆಸರಿಟ್ಟು ತೋರಿಸಬೇಕು.

ಹಳೆಯ ಕಾಲದ ಕತೆಗಳಲ್ಲಿ ಜಾರುವುದು ಗಡಿಯ ವಿಷಯದಲ್ಲಿ. ೧೯೪೦ರಲ್ಲಿ ರಾಯಚೂರು, ಕೊಪ್ಪಳ ನಿಜಾಮರ ರಾಜ್ಯ; ಹೊಳೆಯಾಚೆಯ ಬಳ್ಳಾರಿ ಮದ್ರಾಸ್ ಪ್ರಾಂತ್ಯ. ತುಂಗಭದ್ರೆ ದಾಟಿದ ಕಳ್ಳನಿಗೆ ಸರ್ಕಾರವೇ ಬದಲು. ಈ ದಂಡೆಯಲ್ಲಿ ಕಚೇರಿಯ ಭಾಷೆ ಉರ್ದು, ಚಲಾವಣೆ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ. ಆ ದಂಡೆಯಲ್ಲಿ ಬ್ರಿಟಿಷ್ ರೂಪಾಯಿ, ಅದಕ್ಕೆ ಈ ಕಡೆಯವರ ಹೆಸರು ಕಲ್ದಾರ್. ಎಂಥ ಕತೆ ಹುಟ್ಟಬಹುದಾದ ಗಡಿ ಅದು! ಹಾಗೆಯೇ ೧೯೯೦ರ ಕತೆಯಲ್ಲಿ ಕೊಪ್ಪಳ ಜಿಲ್ಲೆಯ ಎಸ್ಪಿ ಜೀಪಿನಿಂದ ಇಳಿಯುವಂತಿಲ್ಲ, ಆಗ ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿತ್ತು. ಮಾತಿನ ಬಗ್ಗೆ ಒಂದೇ ಸೂಚನೆ: ಮಾನ್ವಿಯ ಪೇದೆ ‘ಬಂದಾರ್ರೀ ಸಾಹೇಬ್ರ’ ಅನ್ನಬೇಕಾದಲ್ಲಿ ‘ಬಂದವ್ರೆ ಸಾರ್’ ಅಂದರೆ ಊರಿನ ಹೆಸರು ಬರೀ ಬೋರ್ಡಿಗೆ ಬಂತೆಂದು ತಿಳಿಯಿರಿ.

ಎಷ್ಟು ಕತೆ ಹೇಳಬೇಕು? ಮೊದಲ ಕಾಲುಭಾಗ ಸಾಕು. ೨೦೦ ಪುಟದ ಪುಸ್ತಕದಲ್ಲಿ ೫೦ನೆಯ ಪುಟದಾಚೆಗಿನ ಘಟನೆ ವಿಮರ್ಶೆಯಲ್ಲಿ ಕಾಣಬಾರದು. ‘ಕೊನೆಯ ತಿರುವು ಊಹಿಸಲಾರಿರಿ’ ಎಂಬ ಹೊಗಳಿಕೆಯೂ ಗುಟ್ಟು ಬಿಟ್ಟುಕೊಟ್ಟಂತೆಯೇ. ಅದನ್ನು ಓದಿದವರು ಎದುರಿಗೆ ಕಾಣುವ ಆರೋಪಿಯನ್ನು ಮೊದಲೇ ಕೈಬಿಟ್ಟು ಓದುತ್ತಾರೆ. ದೋಷ ಕೊನೆಯಲ್ಲಿದ್ದರೆ ದೋಷದ ಜಾತಿ ಹೇಳಿ, ಜಾಗ ಹೇಳಬೇಡಿ: ಸಾವಿನ ಹೊತ್ತಿನ ಲೆಕ್ಕ ನಮ್ಮ ಹವಾಮಾನಕ್ಕೆ ಕೂಡುವುದಿಲ್ಲ ಎಂದರೆ ಮುಗಿಯಿತು. ಪಾತ್ರಗಳ ನಂಟನ್ನು ಬಿಡಿಸುವಾಗಲೂ ಎಚ್ಚರ ಬೇಕು. ‘ಅವನ ತಮ್ಮ’ ಎಂಬ ಒಂದು ಪದದಲ್ಲೇ ಕೆಲವು ಕಾದಂಬರಿಗಳ ಇಡೀ ಗುಟ್ಟು ಇರುತ್ತದೆ.

ಯಾರೂ ಹೆಸರು ಕೇಳದ ಹಳೆಯ ಪುಸ್ತಕ ಎತ್ತಿಕೊಂಡಾಗ ಕೆಲಸ ಬೇರೆ ಥರದ್ದು. ಅದು ಸ್ವಂತದ್ದೋ, ಅನುವಾದವೋ, ಹೆಸರು ಬದಲಿಸಿದ ರೂಪಾಂತರವೋ ಎಂದು ಮೊದಲು ನೋಡಬೇಕು. ಗಂಗಾವತಿಯ ಸಾಹುಕಾರರ ಮನೆಯಲ್ಲಿ ಬೆಂಕಿಗೂಡಿನ ಮುಂದೆ ಕೂತು ವಕೀಲರು ಉಯಿಲು ಓದುತ್ತಿದ್ದರೆ ಅನುಮಾನಕ್ಕೆ ಅಷ್ಟೇ ಸಾಕು. ಆಮೇಲೆ ಪುಟ ಎಣಿಸಿ. ಡೆಮಿ ಅಷ್ಟದಳ ಆಕಾರದ ಪುಸ್ತಕ ಸಾಮಾನ್ಯವಾಗಿ ೧೬ ಪುಟಗಳ ಫಾರಂ (ಒಟ್ಟಿಗೆ ಅಚ್ಚಾಗಿ, ಮಡಿಸಿ ಹೊಲಿಯುವ ಪುಟಗಳ ಕಂತೆ) ಲೆಕ್ಕದಲ್ಲಿ ಅಚ್ಚಾಗುತ್ತದೆ. ಹೊಲಿಗೆ ಸಡಿಲವಾದರೆ ಬೀಳುವುದು ಇಡೀ ಫಾರಂ: ೧ನೆಯ ಪುಟದಿಂದ ಎಣಿಕೆ ಹಿಡಿದರೆ ೪೯ರಿಂದ ೬೪, ಅಂದರೆ ನಾಲ್ಕನೆಯದು. ಬೈಂಡಿಂಗ್‌ನಲ್ಲಿ ಒಂದೇ ಫಾರಂ ಎರಡು ಸಲ ಸೇರಿ ಇನ್ನೊಂದು ತಪ್ಪಿಹೋಗುವುದೂ ಉಂಟು. ಇದನ್ನು ನೋಡದೆ ಕತೆ ಹಾರಿಹಾರಿ ಹೋಗುತ್ತದೆ ಎಂದು ಬರೆದರೆ ಬೈಂಡರನ ತಪ್ಪು ಲೇಖಕನ ತಲೆಗೆ ಬೀಳುತ್ತದೆ.

ವಿಮರ್ಶೆಯ ಕೊನೆಗೆ ಪ್ರಕಾಶಕರು, ವರ್ಷ, ಎಷ್ಟನೆಯ ಮುದ್ರಣ, ಪುಟ, ಬೆಲೆ ಕೊಡಿ. ಅಂಗಡಿಯಲ್ಲಿ ಸಿಗದ ಪುಸ್ತಕವಾದರೆ ಯಾವ ಗ್ರಂಥಾಲಯದಲ್ಲಿ ಪ್ರತಿಯಿದೆ ಎಂದೂ, ಆ ಪ್ರತಿಯಲ್ಲಿ ಕೊನೆಯ ಹಾಳೆ ಇದೆಯೋ ಇಲ್ಲವೋ ಎಂದೂ ಬರೆಯಿರಿ.