ಮೇಕಪ್ ಬ್ರಶ್ ತೊಳೆಯೋದು: ನೀರು ಎಲ್ಲೀವರೆಗೆ ಹೋಗ್ಬೇಕು, ಎಲ್ಲಿ ನಿಲ್ಬೇಕು

ನನ್ನ ಮೊದಲ್ನೇ ಪೌಡರ್ ಬ್ರಶ್‌ನ ಒಂದಿನ ರಾತ್ರಿ ಮಗ್ಗಲ್ಲಿ ಶಾಂಪೂ ನೀರು ಹಾಕಿ ಮುಳುಗಿಸಿಟ್ಟು ಮಲಗ್ಬಿಟ್ಟಿದ್ದೆ, ಬಟ್ಟೆ ನೆನೆಹಾಕ್ತೀವಲ್ಲ ಹಾಗೆ ಚೆನ್ನಾಗಿ ನೆನೀಲಿ ಅಂತ. ಬೆಳಿಗ್ಗೆ ಎತ್ತಿದ್ರೆ ಹಿಡಿ ಮಾತ್ರ ಕೈಗೆ ಬಂತು, ತಲೆ ಮಗ್ಗಲ್ಲೇ ಉಳ್ಕೊಳ್ತು. ತುಂಬಾ ಬೇಜಾರಾಯ್ತು, ಆದ್ರೆ ಬ್ರಶ್ ಒಳಗೆ ಏನಿರುತ್ತೆ ಅಂತ ಸರಿಯಾಗಿ ನೋಡಿದ್ದು ಅವತ್ತೇ, ಅದಕ್ಕೇ ಈ ನೋಟ್ಸ್‌ನೂ ಅಲ್ಲಿಂದಲೇ ಶುರು ಮಾಡ್ತೀನಿ.

ಬ್ರಶ್‌ಗೆ ಮೂರು ಭಾಗ. ಮೇಲೆ ಕೂದಲು, ಕೆಳಗೆ ಹಿಡಿ, ಮಧ್ಯ ಎರಡನ್ನೂ ಹಿಡ್ಕೊಂಡಿರೋ ಲೋಹದ ಬಳೆ, ಇದಕ್ಕೆ ಫೆರೂಲ್ ಅಂತಾರೆ. ಫೆರೂಲ್ ಒಳಗೆ ಕೂದಲಿನ ಬುಡನೆಲ್ಲ ಅಂಟು ಹಾಕಿ ಕೂರಿಸಿರ್ತಾರೆ, ಹೊರಗಿಂದ ಅದು ಕಾಣಲ್ಲ. ನೀರು ಅಲ್ಲಿಗೆ ಇಳಿದು ನಿಂತ್ರೆ ಅಂಟು ಸಡಿಲ ಆಗುತ್ತೆ, ಹಿಡಿ ಮರದ್ದಾಗಿದ್ರೆ ಅದು ನೀರು ಕುಡಿದು ಊದ್ಕೊಳ್ಳುತ್ತೆ, ಒಣಗಿದಾಗ ಕುಗ್ಗುತ್ತೆ, ಹೀಗೆ ಊದಿ ಕುಗ್ಗಿ ಊದಿ ಕುಗ್ಗಿ ಬಣ್ಣ ಬಿರುಕು ಬಿಡುತ್ತೆ, ಫೆರೂಲ್ ಲಟಲಟ ಅನ್ನುತ್ತೆ, ಆಮೇಲೆ ಮುಖದ ಮೇಲೆ ಕೂದಲು ಉದುರೋಕೆ ಶುರು. ಅದಕ್ಕೇ ತೊಳೆಯೋವಾಗ ಬ್ರಶ್ ಯಾವಾಗ್ಲೂ ತಲೆಕೆಳಗಾಗಿರ್ಬೇಕು, ನೀರು ಬುಡದಿಂದ ತುದಿ ಕಡೆಗೆ ಹರೀಬೇಕು, ಒದ್ದೆ ಆಗ್ಬೇಕಿರೋದು ಕೂದಲು ಮಾತ್ರ. ಇದೊಂದು ಕೈಗೆ ಅಭ್ಯಾಸ ಆಗ್ಬಿಟ್ರೆ ಅರ್ಧ ಪಾಠ ಮುಗೀತು.

ಕೂದಲಲ್ಲಿ ಎರಡು ಜಾತಿ. ಮೇಕೆ, ಅಳಿಲು ಇಂಥ ಪ್ರಾಣಿಗಳ ಕೂದಲಿಂದ ಮಾಡಿದ್ದು ಒಂದು, ನೈಲಾನ್, ಪಾಲಿಯೆಸ್ಟರ್ ಥರದ ಸಿಂಥೆಟಿಕ್ ಇನ್ನೊಂದು. ಪ್ರಾಣಿ ಕೂದಲ ಮೇಲೆ ನಮ್ಮ ಕೂದಲಲ್ಲಿರೋ ಹಾಗೇ ಸಣ್ಣ ಸಣ್ಣ ಪದರ ಇರುತ್ತೆ, ಪೌಡರ್ ಆ ಪದರಗಳ ಸಂದಿಯಲ್ಲಿ ಕೂರುತ್ತೆ. ಸಿಂಥೆಟಿಕ್ ನುಣ್ಣಗಿರುತ್ತೆ, ಎಣ್ಣೆ ಹೀರ್ಕೊಳ್ಳಲ್ಲ, ಹಾಗಾಗಿ ಕ್ರೀಮು, ಲಿಕ್ವಿಡ್ ಫೌಂಡೇಶನ್‌ಗೆ ಅದೇ ಸರಿ. ತೊಳೆಯೋವಾಗ್ಲೂ ಸಿಂಥೆಟಿಕ್ ಸ್ವಲ್ಪ ಒರಟುತನ ತಡ್ಕೊಳ್ಳುತ್ತೆ, ಪ್ರಾಣಿ ಕೂದಲಿಗೆ ಮೆದು ಕೈ ಬೇಕು, ಬಿಸಿ ನೀರಂತೂ ಬೇಡ್ವೇ ಬೇಡ, ಉಗುರುಬೆಚ್ಚಗಿದ್ರೆ ಸಾಕು.

ಸೋಪಾ ಶಾಂಪೂನಾ? ನಾನು ಶಾಂಪೂ ಕಡೆ, ಅದ್ರಲ್ಲೂ ಬೇಬಿ ಶಾಂಪೂ ಥರ ಮೈಲ್ಡ್ ಆಗಿರೋದು. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತೆ, ಮಾಮೂಲಿ ಸೋಪು ಅದರ ಜೊತೆ ಸೇರಿ ಕರಗದೇ ಇರೋ ಬಿಳಿ ಜಿಡ್ಡಾಗುತ್ತೆ, ಬಕೆಟ್ ಅಂಚಿಗೆ ಅಂಟ್ಕೊಂಡಿರುತ್ತಲ್ಲ, ಅದೇ. ಎಷ್ಟು ತೊಳೆದ್ರೂ ಬ್ರಶ್ ಒರಟಾಗೇ ಇದೆ ಅನ್ನೋರು ಮೊದ್ಲು ಇದನ್ನ ಅನುಮಾನಿಸ್ಬೇಕು. ಶಾಂಪೂ ಕೆಲಸ ಮಾಡೋ ರೀತಿ ಸಿಂಪಲ್, ಅದರ ಕಣಕ್ಕೆ ಒಂದು ತುದಿ ನೀರಿಗೆ ಇಷ್ಟ, ಇನ್ನೊಂದು ತುದಿ ಎಣ್ಣೆಗೆ ಇಷ್ಟ, ಎಣ್ಣೆ ಕಡೆಯೋವೆಲ್ಲ ಸೇರಿ ಜಿಡ್ಡನ್ನ ಸುತ್ಕೊಂಡು ನೀರಿನ ಜೊತೆ ಎಳ್ಕೊಂಡು ಹೋಗ್ತವೆ.

ಫೌಂಡೇಶನ್ ಬ್ರಶ್ ಮಾತ್ರ ಬೇರೆ ಲೆಕ್ಕ. ಅದರಲ್ಲಿ ಎಣ್ಣೆ, ಸಿಲಿಕೋನ್, ಐರನ್ ಆಕ್ಸೈಡ್ ಬಣ್ಣ ಎಲ್ಲ ಒಟ್ಟಿಗೆ ಗಟ್ಟಿಯಾಗಿ ಕೂತಿರುತ್ತೆ, ವಾಟರ್‌ಪ್ರೂಫ್ ಆಗಿದ್ರಂತೂ ನೇರ ಶಾಂಪೂಗೆ ಬಗ್ಗೋದೇ ಇಲ್ಲ. ಒಣಗಿರೋ ಬ್ರಶ್‌ಗೇ ಅಂಗೈಯಲ್ಲಿ ಎರಡು ಮೂರು ಹನಿ ಎಣ್ಣೆ ಹಾಕ್ಕೊಂಡು ನಿಧಾನಕ್ಕೆ ಸುತ್ತಿಸಿ, ಒಂದು ನಿಮಿಷದಲ್ಲಿ ಕೂದಲು ಒಂದಕ್ಕೊಂದು ಬಿಡಿಸ್ಕೊಳ್ಳೋದು ಅಂಗೈಗೇ ಗೊತ್ತಾಗುತ್ತೆ, ಎಣ್ಣೆ ಚರ್ಮದ ಬಣ್ಣಕ್ಕೆ ತಿರುಗುತ್ತೆ. ಟಿಶ್ಯೂಗೆ ಒರೆಸಿ, ಆಮೇಲೆ ಶಾಂಪೂ. ಮೊದಲ್ನೇ ನೊರೆ ಕಂದು, ಎರಡನೇದು ತಿಳಿ ಕಂದು, ಮೂರನೇದು ಬಿಳಿ ಬಂದ್ರೆ ಮುಗೀತು ಅಂತ ಅರ್ಥ. ಬಿಳಿ ಕೂದಲಿನ ಬ್ರಶ್‌ಗೆ ಕೆಂಪು ಐಶ್ಯಾಡೋ ಕಲೆ ಉಳಿದ್ರೆ ಅದನ್ನ ಹೋಗಿಸೋಕೆ ಜಗಳ ಆಡ್ಬೇಡಿ, ತೊಳೆದ ನೀರು ತಿಳಿಯಾಗಿ ಬರ್ತಿದ್ರೆ ಅದು ಬಣ್ಣ ಹಿಡಿದಿರೋದು, ಕೊಳೆ ಅಲ್ಲ.

ಸ್ಪಿರಿಟ್ ಬಗ್ಗೆ ತುಂಬಾ ಜನ ಕನ್ಫ್ಯೂಸ್ ಆಗ್ತಾರೆ. 70% ಐಸೊಪ್ರೊಪೈಲ್ ಆಲ್ಕೋಹಾಲ್ ಸ್ಪ್ರೇ ಮಾಡಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ ನಿಜ, ಆದ್ರೆ ಜಿಡ್ಡಿನ ಪದರ ಹಾಗೇ ಇದ್ರೆ ಅದು ಒಳಗೆ ಮುಟ್ಟೋದೇ ಇಲ್ಲ, ಹಾಗಾಗಿ ತೊಳೆಯೋದು ಮೊದ್ಲು, ಸ್ಪಿರಿಟ್ ಆಮೇಲೆ. 99% ತಗೊಂಡ್ರೆ ಇನ್ನೂ ಸ್ಟ್ರಾಂಗ್ ಅಲ್ವಾ ಅಂದ್ರೆ ಅಲ್ಲ, ಅದು ಬೇಗ ಆರಿಹೋಗುತ್ತೆ, ಜೊತೆಗೆ ಬ್ಯಾಕ್ಟೀರಿಯಾದ ಪ್ರೋಟೀನ್ ಕೆಡಿಸೋಕೆ ಸ್ವಲ್ಪ ನೀರೂ ಬೇಕು. ಪ್ರಾಣಿ ಕೂದಲಿಗೆ ಪದೇಪದೇ ಹಾಕಿದ್ರೆ ಒಣಗಿ ಮುರಿಯುತ್ತೆ. ಬೆಂಕಿ ಹತ್ರ ಅಂತೂ ಬೇಡ.

ಎಷ್ಟು ದಿನಕ್ಕೊಮ್ಮೆ? ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ 7ರಿಂದ 10 ದಿನಕ್ಕೊಮ್ಮೆ ಅನ್ನುತ್ತೆ, ನಾನು ಅದನ್ನೇ ಫಾಲೋ ಮಾಡೋದು. ಬೇರೆಯವರಿಗೆ ಮೇಕಪ್ ಮಾಡೋರಾದ್ರೆ ಈ ಲೆಕ್ಕ ನಡೆಯಲ್ಲ, ಒಬ್ಬರ ಮುಖ ಮುಟ್ಟಿದ ಬ್ರಶ್ ಕ್ಲೀನ್ ಆಗ್ದೇ ಇನ್ನೊಬ್ಬರ ಮುಖಕ್ಕೆ ಹೋಗ್ಲೇಬಾರ್ದು, ಅದ್ರಲ್ಲೂ ಕಣ್ಣಿಂದು. ಫೌಂಡೇಶನ್ ಹಚ್ಚೋ ಸ್ಪಂಜನ್ನ (ಬ್ಲೆಂಡರ್ ಅಂತಾರಲ್ಲ, ಅದು) ತೊಳೆಯೋದು ಬ್ರಶ್‌ಗಿಂತ ಕಷ್ಟ, ಒಳಗೆಲ್ಲ ತೇವ ಹಿಡ್ಕೊಂಡಿರುತ್ತೆ. 2019ರಲ್ಲಿ ಬ್ರಿಟನ್ನಿನ ಆಸ್ಟನ್ ಯೂನಿವರ್ಸಿಟಿಯವರು ಜನ ಬಳಸ್ತಿದ್ದ ಮೇಕಪ್ ಸಾಮಾನು ಪರೀಕ್ಷೆ ಮಾಡಿದಾಗ ಬ್ಲೆಂಡರ್ ಸ್ಪಂಜುಗಳಲ್ಲಿ 93% ಒಂದ್ಸಲವೂ ತೊಳೆದಿರ್ಲಿಲ್ವಂತೆ, ಓದಿ ನಾನು ನನ್ನ ಸ್ಪಂಜನ್ನ ಎತ್ತಿ ಮೂಸಿ ನೋಡ್ದೆ. ಒಳಗೆ ಕಪ್ಪು ಚುಕ್ಕೆ ಕಂಡ್ರೆ ಅದು ಬೂಷ್ಟು, ತೊಳೆದು ಉಪಯೋಗ ಇಲ್ಲ, ಬಿಸಾಕಿ.

ಒಣಗಿಸೋದ್ರಲ್ಲೇ ಎಷ್ಟೋ ಒಳ್ಳೇ ಬ್ರಶ್ ಹಾಳಾಗಿರೋದು. ಒದ್ದೆ ಬ್ರಶ್‌ನ ಲೋಟದಲ್ಲಿ ಕೂದಲು ಮೇಲೆ ಮಾಡಿ ನಿಲ್ಲಿಸಿದ್ರೆ ನೀರು ಸೀದಾ ಫೆರೂಲ್‌ಗೆ ಇಳಿಯುತ್ತೆ, ಅಷ್ಟು ಹುಷಾರಾಗಿ ತೊಳೆದಿದ್ದು ದಂಡ. ಟವೆಲ್‌ನಲ್ಲಿ ಮೆಲ್ಲಗೆ ಒತ್ತಿ ನೀರು ತೆಗೆದು, ಬೆರಳಲ್ಲಿ ಶೇಪ್ ಸರಿ ಮಾಡಿ, ಟೇಬಲ್ ಅಂಚಲ್ಲಿ ಮಲಗಿಸಿ, ಕೂದಲ ಭಾಗ ಮಾತ್ರ ಅಂಚಿಂದ ಆಚೆ ಇರ್ಲಿ, ಎಲ್ಲಾ ಕಡೆಯಿಂದ ಗಾಳಿ ಆಡುತ್ತೆ. ಹೇರ್ ಡ್ರೈಯರ್ ಬಿಸಿ ಗಾಳಿ ಬೇಡ. ಸಣ್ಣ ಐಶ್ಯಾಡೋ ಬ್ರಶ್ ಕೆಲವೇ ಗಂಟೇಲಿ ಒಣಗುತ್ತೆ, ಕಬುಕಿಗೆ, ಅಂದ್ರೆ ದಟ್ಟ ಕೂದಲಿನ ಗುಂಡನೆ ಬ್ರಶ್‌ಗೆ, ಪೂರ್ತಿ ಒಂದು ದಿನ ಕೊಡಿ. ಮೇಲ್ಗಡೆ ಮುಟ್ಟಿ ಒಣಗಿದೆ ಅನ್ಕೋಬೇಡಿ, ಕೂದಲು ಬಿಡಿಸಿ ಬುಡಕ್ಕೆ ಬೆರಳಿಟ್ಟು ನೋಡಿ, ತಣ್ಣಗನ್ನಿಸಿದ್ರೆ ಒಳಗೆ ನೀರಿದೆ. ಅದೇ ಬ್ರಶ್‌ನ ಕಾಂಪ್ಯಾಕ್ಟ್‌ಗೆ ಅದ್ದಿದ್ರೆ ಪೌಡರ್ ಮೇಲೆ ಗಟ್ಟಿ ಹೊಳೆಯೋ ಪದರ ಕಟ್ಟುತ್ತೆ, ಆಮೇಲೆ ಎಷ್ಟು ಉಜ್ಜಿದ್ರೂ ಬಣ್ಣ ಬರಲ್ಲ. ಈಗಾಗ್ಲೇ ಹಾಗಾಗಿದ್ರೆ ಅದರ ಮೇಲೆ ಸೆಲ್ಲೋಟೇಪ್ ಮೆಲ್ಲಗೆ ಅಂಟಿಸಿ ಎತ್ತಿ, ಗಟ್ಟಿ ಪದರ ಟೇಪ್ ಜೊತೆ ಬರುತ್ತೆ, ಕೆಳಗೆ ಪೌಡರ್ ಮೊದಲಿನ ಹಾಗೇ ಇರುತ್ತೆ.