ಕೋರ್ಸ್ ರಿಸರ್ವ್: ಯಾರ ಮನೆಗೂ ಹೋಗದ ಪುಸ್ತಕ

ನಮ್ಮ ಕಡೆ ರಿಸರ್ವ್ ಎಂದರೆ ಬಸ್ಸಿನ ಕಿಟಕಿಯೊಳಗೆ ಟವೆಲ್ ತೂರಿ ಸೀಟು ಹಿಡಿಯುವುದು. ಟವೆಲ್ ಬಿದ್ದ ಸೀಟು ಒಬ್ಬರದು, ಮಿಕ್ಕವರು ನಿಂತೇ ಹೋಗಬೇಕು. ಲೈಬ್ರರಿಯಲ್ಲೂ ಇದೇ ಅರ್ಥ ಚಾಲ್ತಿಯಲ್ಲಿದೆ. ಬೇರೆ ಯಾರೋ ಒಯ್ದಿರುವ ಪುಸ್ತಕ ವಾಪಸು ಬಂದಾಗ ನನಗೇ ಕೊಡಿ ಎಂದು ಹೆಸರು ಬರೆಸುವುದಕ್ಕೆ ನಾವು ‘ಪುಸ್ತಕ ರಿಸರ್ವ್ ಮಾಡೋದು’ ಎನ್ನುತ್ತೇವೆ. ಈ ಅರ್ಥವನ್ನೇ ತಲೆಯಲ್ಲಿಟ್ಟುಕೊಂಡು ಅಮೆರಿಕಕ್ಕೆ ಓದಲು ಹೋದರೆ ಮೊದಲ ವಾರವೇ ಎಡವುವುದು ಖಾತ್ರಿ. ನನ್ನ ಕೋರ್ಸಿನ ಸಿಲಬಸ್ಸಿನಲ್ಲಿ ಒಂದು ಪುಸ್ತಕದ ಹೆಸರಿನ ಮುಂದೆ ‘ಆನ್ ರಿಸರ್ವ್’ ಎಂದಿತ್ತು. ಯಾರೋ ಆಗಲೇ ಟವೆಲ್ ಹಾಕಿದ್ದಾರೆ ಎಂದುಕೊಂಡು ಸುಮ್ಮನಾದೆ. ಆ ಪುಸ್ತಕ ಅಷ್ಟೂ ದಿನ ಲೈಬ್ರರಿ ಕೌಂಟರಿನ ಹಿಂದೆ ನನ್ನಂಥವರಿಗಾಗಿಯೇ ಕೂತಿತ್ತು ಎಂದು ತಿಳಿದದ್ದು ಮೊದಲ ಕ್ವಿಜ್ ಕೆಟ್ಟ ಮೇಲೆ.

ಅಲ್ಲಿ ರಿಸರ್ವ್ ಎಂದರೆ ಟವೆಲ್ಲಿಗೆ ತೀರಾ ಉಲ್ಟಾ. ಒಬ್ಬರಿಗಾಗಿ ಹಿಡಿದಿಡುವುದಲ್ಲ, ಯಾರೊಬ್ಬರೂ ಒಯ್ದು ಮನೆಯಲ್ಲಿಟ್ಟುಕೊಳ್ಳದ ಹಾಗೆ ತಡೆದಿಡುವುದು. ಒಂದು ಕೋರ್ಸಿನವರೆಲ್ಲ ಓದಲೇಬೇಕಾದ ಪುಸ್ತಕಗಳನ್ನು ಆ ಸೆಮಿಸ್ಟರಿನ ಮಟ್ಟಿಗೆ ಸಾಮಾನ್ಯ ಕಪಾಟಿನಿಂದ ತೆಗೆದು, ಕೌಂಟರಿನ ಹಿಂದೆ ಇಟ್ಟು, ಗಂಟೆಗಳ ಲೆಕ್ಕದಲ್ಲಿ ಎರವಲು ಕೊಡುವ ಏರ್ಪಾಡು ಇದು. ಬ್ರಿಟನ್ನಿನಲ್ಲಿ ಇಂಥದ್ದನ್ನೇ ‘ಶಾರ್ಟ್ ಲೋನ್’ ಎನ್ನುತ್ತಾರೆ. ಆ ಹೆಸರೇ ವಾಸಿ. ಕನ್ನಡದಲ್ಲಿ ‘ಕಾಯ್ದಿರಿಸಿದ ಪುಸ್ತಕ’ ಎಂದರೆ ಮತ್ತೆ ರೈಲಿನ ಬರ್ತು ನೆನಪಾಗುತ್ತದೆ. ‘ಗಂಟೆ ಎರವಲು’ ಎನ್ನಬಹುದೇನೋ. ಯಾರೂ ಹಾಗೆ ಕರೆಯುವುದಿಲ್ಲ, ಆ ಮಾತು ಬೇರೆ.

ಗಂಟೆಯ ಲೆಕ್ಕ ಯಾಕೆ ಎಂಬುದಕ್ಕೆ ಒಂದು ಸಣ್ಣ ಗಣಿತ ಸಾಕು. ತರಗತಿಯಲ್ಲಿ 40 ಜನ, ಲೈಬ್ರರಿಯಲ್ಲಿ ಪುಸ್ತಕ ಒಂದೇ ಪ್ರತಿ ಎಂದಿಟ್ಟುಕೊಳ್ಳಿ. ಎಂದಿನಂತೆ ನಾಲ್ಕು ವಾರಕ್ಕೆ ಕೊಟ್ಟರೆ 16 ವಾರದ ಸೆಮಿಸ್ಟರಿನಲ್ಲಿ ಅದು ನಾಲ್ಕೇ ಜನರ ಕೈ ಸೇರುತ್ತದೆ, ಉಳಿದ 36 ಜನರಿಗೆ ಇಲ್ಲ. ಅದನ್ನೇ ಎರಡೆರಡು ಗಂಟೆಗೆ ಕೊಡಿ. ಲೈಬ್ರರಿ ದಿನಕ್ಕೆ 14 ಗಂಟೆ ತೆರೆದಿದ್ದರೆ ದಿನಕ್ಕೆ ಏಳು ಜನ, ಆರು ದಿನಕ್ಕೆ 42 ಜನ. ವಾರ ತುಂಬುವ ಮೊದಲೇ ಇಡೀ ತರಗತಿ ಆ ವಾರದ ಅಧ್ಯಾಯ ಓದಿ ಮುಗಿಸಬಹುದು. ಎಲ್ಲರೂ ಪರೀಕ್ಷೆಯ ಹಿಂದಿನ ರಾತ್ರಿಯೇ ಬರದಿದ್ದರೆ, ಅಷ್ಟೇ.

ಕೆಲಸ ಶುರುವಾಗುವುದು ಮೇಷ್ಟ್ರ ಪಟ್ಟಿಯಿಂದ. ಸೆಮಿಸ್ಟರಿಗೆ ಕೆಲವು ವಾರ ಮುಂಚೆ ಅವರು ಬೇಕಾದ ಪುಸ್ತಕಗಳ ಹೆಸರು ಕೊಟ್ಟು, ಯಾವುದನ್ನು ಎಷ್ಟು ಹೊತ್ತು ಕೊಡಬೇಕೆಂದೂ ಹೇಳುತ್ತಾರೆ. ಎರಡು ಗಂಟೆ ಎಂಬುದು ಬಹಳ ಕಡೆ ಕಾಣುವ ಅವಧಿ. ಒಂದು ದಿನ, ಮೂರು ದಿನದ್ದೂ ಉಂಟು. ಪುಸ್ತಕ ಲೈಬ್ರರಿಯಲ್ಲಿದ್ದರೆ ಎತ್ತಿಡುತ್ತಾರೆ. ಯಾರಾದರೂ ಒಯ್ದಿದ್ದರೆ ಅವಧಿಗೆ ಮೊದಲೇ ವಾಪಸು ತರಿಸುತ್ತಾರೆ. ವರ್ಷಗಟ್ಟಲೆ ಪುಸ್ತಕ ಇಟ್ಟುಕೊಂಡು ಅಭ್ಯಾಸವಾದ ಪಿಎಚ್‌ಡಿಯವರು ಆಗ ಗೊಣಗುವುದು ಸಹಜ. ಇಲ್ಲವೇ ಇಲ್ಲ ಎಂದರೆ ಕೊಳ್ಳುತ್ತಾರೆ. ಎಷ್ಟೋ ಸಲ ಮೇಷ್ಟ್ರೇ ತಮ್ಮ ಸ್ವಂತ ಪ್ರತಿಯನ್ನು ಕೊಡುವುದುಂಟು. ಅದಕ್ಕೆ ತಾತ್ಕಾಲಿಕ ಬಾರ್‌ಕೋಡ್ ಅಂಟಿಸಿ ಸೆಮಿಸ್ಟರ್ ಮುಗಿದ ಮೇಲೆ ಕಿತ್ತು ಹಿಂದಿರುಗಿಸುತ್ತಾರೆ. ಅಂಥ ಪ್ರತಿಯ ಅಂಚಿನಲ್ಲಿ ಮೇಷ್ಟ್ರು ಪೆನ್ಸಿಲ್ಲಿನಲ್ಲಿ ಬರೆದ ಟಿಪ್ಪಣಿ ಸಿಕ್ಕರೆ ಅರ್ಧ ಪರೀಕ್ಷೆ ಪಾಸಾದಂತೆ.

ಹುಡುಕುವ ಬಗೆಯೂ ಬೇರೆ. ಕ್ಯಾಟಲಾಗಿನಲ್ಲಿ ಪುಸ್ತಕದ ಹೆಸರಿನ ಬದಲು ಕೋರ್ಸಿನ ನಂಬರನ್ನೋ ಮೇಷ್ಟ್ರ ಹೆಸರನ್ನೋ ಹಾಕಿದರೆ ಇಡೀ ಪಟ್ಟಿ ಬರುತ್ತದೆ. ಕೌಂಟರಿನಲ್ಲಿ ಐಡಿ ಕಾರ್ಡ್ ತೋರಿಸಿದರೆ ಪುಸ್ತಕ ಕೈಗೆ ಬರುತ್ತದೆ, ಜೊತೆಗೆ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ವಾಪಸು ಎಂಬ ಎಚ್ಚರಿಕೆಯೂ. ತಡವಾದರೆ ದಂಡ ದಿನದ ಲೆಕ್ಕದಲ್ಲಲ್ಲ, ಗಂಟೆಯ ಲೆಕ್ಕದಲ್ಲಿ. ಈಚೆಗೆ ಬಹಳ ಲೈಬ್ರರಿಗಳು ಮಾಮೂಲಿ ಪುಸ್ತಕಗಳ ದಂಡ ತೆಗೆದುಹಾಕಿವೆ, ಆದರೆ ರಿಸರ್ವಿನ ದಂಡವನ್ನು ಬಿಟ್ಟಿಲ್ಲದವರೂ ಇದ್ದಾರೆ. ಕಾರಣವಿದೆ: ನೀವು ತಡಮಾಡಿದ ಒಂದು ಗಂಟೆ ಸಾಲಿನಲ್ಲಿ ಕಾದು ನಿಂತವರದ್ದು. ಆ ಕಪಾಟಿನಲ್ಲಿ ಪುಸ್ತಕವಷ್ಟೇ ಇರುವುದಿಲ್ಲ. ಕ್ಯಾಲ್ಕುಲೇಟರ್, ಡಿವಿಡಿ, ಹಳೆಯ ಪ್ರಶ್ನೆಪತ್ರಿಕೆ, ಅಂಗರಚನಾಶಾಸ್ತ್ರದವರಿಗೆ ಡಬ್ಬದಲ್ಲಿಟ್ಟ ಮೂಳೆಗಳ ಮಾದರಿ, ಎಲ್ಲವೂ ಇರುತ್ತವೆ.

ಇದನ್ನು ನಮ್ಮ ಕಾಲೇಜುಗಳ ‘ರೆಫರೆನ್ಸ್’ ಜೊತೆ ಬೆರೆಸಬಾರದು. ನಿಘಂಟು, ವಿಶ್ವಕೋಶ ರೆಫರೆನ್ಸ್ ಆಗುವುದು ಅವುಗಳ ಸ್ವಭಾವದಿಂದ, ಅವು ಯಾವತ್ತೂ ಅಲ್ಲೇ. ರಿಸರ್ವ್ ಆಗುವುದು ಒಂದು ಕೋರ್ಸಿನ ಅಗತ್ಯದಿಂದ. ಸೆಮಿಸ್ಟರ್ ಮುಗಿಯುತ್ತಲೂ ಆ ಪುಸ್ತಕ ತನ್ನ ಹಳೆಯ ಕಪಾಟಿಗೆ ಮರಳುತ್ತದೆ. ನಮ್ಮ ‘ಬುಕ್ ಬ್ಯಾಂಕ್’ ಅಂತೂ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು, ಅಲ್ಲಿ ಪುಸ್ತಕದ ಸೆಟ್ಟನ್ನೇ ಒಬ್ಬ ವಿದ್ಯಾರ್ಥಿಗೆ ಇಡೀ ಅವಧಿಗೆ ಕೊಡುತ್ತಾರೆ. ನಮ್ಮಲ್ಲಿ ರಿಸರ್ವಿಗೆ ಹತ್ತಿರದ ನೆಂಟನೆಂದರೆ ಕೆಲವೆಡೆ ಇರುವ ‘ಓವರ್‌ನೈಟ್ ಇಶ್ಯೂ’: ಸಂಜೆ ಒಯ್ದು ಬೆಳಗ್ಗೆ ತಂದುಕೊಡುವುದು.

ಈ ಪದ್ಧತಿ ಬೆಳೆದ ಜಾಗಗಳಲ್ಲಿ ಹಾರ್ವರ್ಡ್ ಮುಖ್ಯವಾದದ್ದು, ಕಾಲ 1870ರ ದಶಕ. ಅಲ್ಲಿಯವರೆಗೆ ಅಮೆರಿಕದ ಕಾಲೇಜುಗಳಲ್ಲಿ ಪಾಠ ಎಂದರೆ ಒಂದು ಪಠ್ಯಪುಸ್ತಕವನ್ನು ಬಾಯಿಪಾಠ ಮಾಡಿ ಮೇಷ್ಟ್ರ ಮುಂದೆ ಒಪ್ಪಿಸುವುದೇ ಆಗಿತ್ತು. 1869ರಲ್ಲಿ ಹಾರ್ವರ್ಡಿನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಕೋರ್ಸುಗಳನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳುವ ಪದ್ಧತಿಯನ್ನು ಹರಡಿದರು. ಮೇಷ್ಟ್ರುಗಳು ಒಂದರ ಬದಲು ಹತ್ತು ಪುಸ್ತಕ ಓದಿ ಬನ್ನಿ ಎನ್ನತೊಡಗಿದರು. 1877ರಲ್ಲಿ ಬಾಸ್ಟನ್ನಿನ ಸಾರ್ವಜನಿಕ ಗ್ರಂಥಾಲಯದಿಂದ ಹಾರ್ವರ್ಡಿಗೆ ಬಂದ ಗ್ರಂಥಪಾಲಕ ಜಸ್ಟಿನ್ ವಿನ್ಸರ್ ಕಾಲದಲ್ಲಿ ಆ ಹತ್ತು ಪುಸ್ತಕಗಳನ್ನು ತರಗತಿಗಾಗಿ ಬೇರೆ ಎತ್ತಿಡುವುದು ರೂಢಿಯಾಯಿತು.

ನನಗೆ ಇದರಲ್ಲಿ ಸ್ವಾರಸ್ಯ ಕಾಣುವುದು ಇಲ್ಲಿ. ರಿಸರ್ವ್ ಹುಟ್ಟಿದ್ದು ಪಠ್ಯಪುಸ್ತಕದ ಹಿಡಿತ ತಪ್ಪಿಸಿಕೊಂಡ ತರಗತಿಗಳಲ್ಲಿ. ಒಂದೇ ಗೈಡ್ ಓದಿ ಪಾಸಾಗುವ ಕಡೆ ಅದರ ಅಗತ್ಯವೇ ಬೀಳುವುದಿಲ್ಲ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಇದು ಬೇರೂರದಿರುವುದಕ್ಕೆ ಹಣದ ಕೊರತೆಗಿಂತ ಇದೇ ದೊಡ್ಡ ಕಾರಣ ಎಂದು ನನ್ನ ಗುಮಾನಿ. ಇವತ್ತು ಅಮೆರಿಕದಲ್ಲೇ ಅದರ ಕೆಲಸ ತಿರುವುಮುರುವಾಗಿದೆ. ರಿಸರ್ವ್ ಕೌಂಟರಿನಲ್ಲಿ ಅತಿ ಹೆಚ್ಚು ಸವೆಯುವುದು ದಪ್ಪ ಪಠ್ಯಪುಸ್ತಕಗಳೇ, ಯಾಕೆಂದರೆ ಒಂದೊಂದಕ್ಕೆ ನೂರು, ಇನ್ನೂರು ಡಾಲರ್ ಕೊಟ್ಟು ಕೊಳ್ಳುವುದು ಬಹಳ ವಿದ್ಯಾರ್ಥಿಗಳಿಗೆ ಆಗದ ಮಾತು.

‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎಂದು 1931ರಲ್ಲಿ ಸೂತ್ರ ಬರೆದವರು ಎಸ್.ಆರ್. ರಂಗನಾಥನ್. ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನ ಕಲಿಸುವ ಡಿಆರ್‌ಟಿಸಿ ಎಂಬ ಸಂಸ್ಥೆ ಕಟ್ಟಿದವರು. ಗ್ರಂಥಾಲಯಗಳಿಗೆಂದು ಅವರು ಬರೆದ ಅದೇ ಸೂತ್ರಗಳ ಪಟ್ಟಿಯಲ್ಲಿ ನಾಲ್ಕನೆಯದು ‘ಓದುಗನ ಸಮಯ ಉಳಿಸು’. ರಿಸರ್ವ್ ಕೌಂಟರಿನಲ್ಲಿ ಈ ಎರಡು ಸೂತ್ರಗಳಿಗೂ ಜಗಳ: ಎಲ್ಲರಿಗೂ ಪುಸ್ತಕ ಸಿಗುತ್ತದೆ, ಆದರೆ ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು.

1990ರ ದಶಕದಲ್ಲಿ ಸ್ಕ್ಯಾನರ್ ಬಂದಾಗ ಈ ಜಗಳ ಮುಗಿಯಿತು ಎನ್ನಿಸಿತ್ತು. ಬೇಕಾದ ಅಧ್ಯಾಯವನ್ನು ಸ್ಕ್ಯಾನ್ ಮಾಡಿ, ಪಾಸ್‌ವರ್ಡ್ ಇಟ್ಟು, ಆ ಕೋರ್ಸಿನವರಿಗೆ ಮಾತ್ರ ತೆರೆದರೆ ಆಯಿತು. ಇದೇ ಇ-ರಿಸರ್ವ್. ಕೊಂಡ ಪುಸ್ತಕವನ್ನು ಎರವಲು ಕೊಡಲು ಯಾರ ಅನುಮತಿಯೂ ಬೇಕಿಲ್ಲ. ಸ್ಕ್ಯಾನ್ ಹಾಗಲ್ಲ, ಅದು ಹೊಸ ಪ್ರತಿ, ಅಲ್ಲಿ ಕೃತಿಸ್ವಾಮ್ಯ (ಕಾಪಿರೈಟ್) ಎದುರಾಗುತ್ತದೆ. 2008ರಲ್ಲಿ ಕೇಂಬ್ರಿಜ್, ಆಕ್ಸ್‌ಫರ್ಡ್, ಸೇಜ್ ಪ್ರಕಾಶನಗಳು ಇದೇ ಕಾರಣಕ್ಕೆ ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದವು. 2012ರಲ್ಲಿ ಕೆಳ ನ್ಯಾಯಾಲಯ ಐದು ಕಡೆ ಮಾತ್ರ ಉಲ್ಲಂಘನೆ ಕಂಡಿತು, ಪುಸ್ತಕದ ಶೇ. 10ರಷ್ಟು ಅಥವಾ ಒಂದು ಅಧ್ಯಾಯ ಎಂಬ ಅಳತೆಗೋಲನ್ನೂ ಇಟ್ಟಿತು. ಎರಡು ವರ್ಷದ ಮೇಲೆ ಮೇಲ್ಮನವಿ ನ್ಯಾಯಾಲಯ, ಹಾಗೆ ಒಂದೇ ಗೆರೆ ಎಳೆಯಲಾಗದು, ಒಂದೊಂದು ಪುಸ್ತಕವನ್ನೂ ಬೇರೆಯಾಗಿ ತೂಗಿ ನೋಡಬೇಕು ಎಂದಿತು. ಕಟ್ಲೆ ಮುಗಿದದ್ದು 2020ರಲ್ಲಿ.

ನಮ್ಮ ದೇಶದ ಕಥೆ ನಡೆದದ್ದು ಝೆರಾಕ್ಸ್ ಅಂಗಡಿಯಲ್ಲಿ. ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೋಕಾಪಿ ಅಂಗಡಿ, ಸಿಲಬಸ್ಸಿನ ಅಧ್ಯಾಯಗಳನ್ನು ಒಟ್ಟುಗೂಡಿಸಿ ಕೋರ್ಸ್ ಪ್ಯಾಕ್ ಮಾಡಿ ಮಾರುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಕೋರ್ಟಿಗೆ ಹೋದವು. 1957ರ ಕೃತಿಸ್ವಾಮ್ಯ ಕಾಯ್ದೆ ಬೋಧನೆಗೆ ಕೊಟ್ಟ ವಿನಾಯಿತಿ ಇದಕ್ಕೂ ಸಲ್ಲುತ್ತದೆ ಎಂದು ದಿಲ್ಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಮರುವರ್ಷ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು. ಅಮೆರಿಕದ ಲೈಬ್ರರಿ ಅಧ್ಯಾಯ ಅಧ್ಯಾಯವನ್ನೂ ತೂಗಿ ನೋಡುವ ಕಡೆ ನಮ್ಮ ಕಾನೂನು ಇಷ್ಟು ಧಾರಾಳವಾಗಿದೆ ಎಂಬುದು ಇಲ್ಲಿನ ಎಷ್ಟೋ ಮೇಷ್ಟ್ರುಗಳಿಗೇ ಗೊತ್ತಿಲ್ಲ.

ಇ-ಪುಸ್ತಕ ಬಂದ ಮೇಲೂ ಸಾಲು ತಪ್ಪಿಲ್ಲ. ಲೈಬ್ರರಿ ಅದನ್ನು ಕೊಳ್ಳುವುದು ಪರವಾನಗಿಯ ಮೇಲೆ: ಒಮ್ಮೆಗೆ ಒಬ್ಬರಿಗೆ, ಮೂವರಿಗೆ, ಇಲ್ಲವೇ ಎಷ್ಟು ಜನರಿಗಾದರೂ. ಒಬ್ಬರ ಪರವಾನಗಿಯದ್ದಾದರೆ, ಬೇರೊಬ್ಬರು ಓದುತ್ತಿದ್ದಾರೆ, ಆಮೇಲೆ ಬನ್ನಿ ಎಂದು ಪರದೆ ಹೇಳುತ್ತದೆ. ಎಷ್ಟೋ ಪಠ್ಯಪುಸ್ತಕಗಳ ಇ-ರೂಪವನ್ನು ಪ್ರಕಾಶಕರು ಲೈಬ್ರರಿಗಳಿಗೆ ಮಾರುವುದೇ ಇಲ್ಲ, ಏನಿದ್ದರೂ ವಿದ್ಯಾರ್ಥಿಗೆ ನೇರವಾಗಿ.

ಆಗ ಮತ್ತೆ ಕೌಂಟರೇ ಗತಿ. ಅಲ್ಲಿ ಹಳಬರು ಹೊಸಬರಿಗೆ ಹೇಳಿಕೊಡುವ ಒಂದು ಉಪಾಯವಿದೆ. ಲೈಬ್ರರಿ ಮುಚ್ಚಲು ಎರಡು ಗಂಟೆಯೊಳಗೆ ಇರುವಾಗ ತೆಗೆದುಕೊಂಡ ರಿಸರ್ವ್ ಪುಸ್ತಕವನ್ನು ಬಹಳ ಕಡೆ ರಾತ್ರಿ ಮನೆಗೆ ಒಯ್ಯಲು ಬಿಡುತ್ತಾರೆ, ಬೆಳಗ್ಗೆ ಬಾಗಿಲು ತೆಗೆದೊಡನೆ ತಂದುಕೊಟ್ಟರೆ ಸಾಕು. ರಾತ್ರಿ ಹತ್ತು ಗಂಟೆಗೆ ಕೌಂಟರಿನ ಎದುರು ಗಡಿಯಾರ ನೋಡುತ್ತಾ ಸುಳಿದಾಡುವವರು ಯಾಕೆ ಅಷ್ಟು ಜನ ಎಂದು ನನಗೆ ಮೊದಲು ತಿಳಿದಿರಲಿಲ್ಲ. ಆಮೇಲೆ ನಾನೂ ಆ ಗುಂಪಿಗೆ ಸೇರಿದೆ.