ಕಂಪ್ಯೂಟರಿನಲ್ಲಿ ಕ್ರಾಸ್ ಸ್ಟಿಚ್ ನಕ್ಷೆ ರಚನೆ: ಕಲಿಯುವವರಿಗೆ ಟಿಪ್ಪಣಿ

ಕ್ರಾಸ್ ಸ್ಟಿಚ್ ನಕ್ಷೆಯಲ್ಲಿ ಒಂದು ಮನೆಯೆಂದರೆ ಬಟ್ಟೆಯ ಮೇಲೆ ಒಂದು ಹೊಲಿಗೆ. ಆ ಮನೆಯೊಳಗಿನ ಚಿಹ್ನೆಯು ಯಾವ ಬಣ್ಣದ ದಾರ ಹಾಕಬೇಕೆಂದು ತಿಳಿಸುತ್ತದೆ. ಹಿಂದೆ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಮಾಡುತ್ತಿದ್ದ ಈ ಕೆಲಸವನ್ನು ಇಂದು ಸಾಫ್ಟ್‌ವೇರ್ ಬಹಳ ಬೇಗ ಮುಗಿಸಿಕೊಡುತ್ತದೆ. ಅದು ಮನೆಗಳನ್ನು ತಪ್ಪಿಲ್ಲದೆ ಎಣಿಸುತ್ತದೆಯಾದರೂ, ಯಾವ ಮನೆ ಚಿತ್ರಕ್ಕೆ ಬೇಕು, ಯಾವುದು ಬೇಡ ಎಂಬ ತೀರ್ಮಾನವು ನಮ್ಮದೇ ಆಗಿ ಉಳಿಯುತ್ತದೆ. ಕೊಪ್ಪಳದ ಸುತ್ತಮುತ್ತ ಹೊಲಿಗೆ, ಕಸೂತಿ ಕಲಿಯುತ್ತಾ ಈಗಷ್ಟೇ ಕಂಪ್ಯೂಟರಿಗೆ ಕೈ ಹಾಕಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆದಿದ್ದೇನೆ.

ಮೊದಲು ಬಟ್ಟೆ, ಆಮೇಲೆ ಪರದೆ

ಯಾವ ಸಾಫ್ಟ್‌ವೇರ್ ತೆರೆದರೂ ಅದು ಮೊದಲು ಕೇಳುವುದು ಅಗಲ, ಎತ್ತರ ಮತ್ತು ಬಟ್ಟೆಯ ಕೌಂಟ್. ಕೌಂಟ್ ಎಂದರೆ ಒಂದು ಇಂಚಿನಲ್ಲಿ ಎಷ್ಟು ಹೊಲಿಗೆಗಳು ಕೂರುತ್ತವೆ ಎಂಬ ಲೆಕ್ಕ. ಎಣಿಸಿ ಹೊಲಿಯಲೆಂದೇ ಸಮ ಮನೆಗಳಾಗಿ ನೇಯ್ದ ಐಡಾ ಬಟ್ಟೆಯು ಸಾಮಾನ್ಯವಾಗಿ 11, 14, 16, 18 ಕೌಂಟುಗಳಲ್ಲಿ ದೊರೆಯುತ್ತದೆ, ಕಲಿಯುವವರಿಗೆ 14 ಅನುಕೂಲ. ನಕ್ಷೆಯ ಮನೆಗಳನ್ನು ಕೌಂಟಿನಿಂದ ಭಾಗಿಸಿದರೆ ಚಿತ್ರದ ಅಳತೆ ಇಂಚಿನಲ್ಲಿ ಸಿಗುತ್ತದೆ. 140 ಮನೆ ಅಗಲ, 112 ಮನೆ ಎತ್ತರದ ನಕ್ಷೆಯು 14 ಕೌಂಟಿನ ಬಟ್ಟೆಯ ಮೇಲೆ 10 ಇಂಚು ಅಗಲ, 8 ಇಂಚು ಎತ್ತರವಾಗುತ್ತದೆ. ಚೌಕಟ್ಟು ಕಟ್ಟಲು ನಾಲ್ಕೂ ಬದಿಗೆ 3 ಇಂಚು ಬಿಟ್ಟರೆ 16 ಇಂಚು ಅಗಲ, 14 ಇಂಚು ಎತ್ತರದ ತುಂಡು ಬೇಕು. ಅದೇ ನಕ್ಷೆಯನ್ನು 18 ಕೌಂಟಿನ ಮೇಲೆ ಹಾಕಿದರೆ ಅಗಲವು 8 ಇಂಚಿಗಿಂತ ಕಡಿಮೆಯಾಗುತ್ತದೆ.

ನಮ್ಮ ಪೇಟೆಗಳಲ್ಲಿ ಐಡಾಕ್ಕಿಂತ ಸುಲಭವಾಗಿ ಸಿಗುವುದು ಮ್ಯಾಟಿ ಬಟ್ಟೆ. ಅದರ ಮೇಲೆ ಕೌಂಟ್ ನಮೂದಾಗಿರುವುದು ಅಪರೂಪವಾದ್ದರಿಂದ, ಸ್ಕೇಲ್ ಇಟ್ಟು, ಇಂಚಿಗೆ ಎಷ್ಟು ಮನೆಗಳಿವೆ ಎಂದು ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆಯಾಗಿ ಎಣಿಸಿಕೊಳ್ಳಬೇಕು. ಅಡ್ಡಕ್ಕೆ 14, ಉದ್ದಕ್ಕೆ 13 ಬಂದರೆ, 112 ಮನೆಗಳ ಚೌಕವು ಒಂದು ಕಡೆ 8 ಇಂಚು, ಇನ್ನೊಂದು ಕಡೆ ಸುಮಾರು 8.6 ಇಂಚು ಆಗುತ್ತದೆ. ಪರದೆಯ ಮೇಲೆ ದುಂಡಗಿದ್ದ ಚಂದ್ರ ಬಟ್ಟೆಯ ಮೇಲೆ ಮೊಟ್ಟೆಯಾಕಾರ ತಾಳುವುದು ಇದರಿಂದಲೇ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಎರಡು ಕೌಂಟುಗಳನ್ನು ಬೇರೆಯಾಗಿ ನಮೂದಿಸಬಹುದು. ಆ ಸೌಲಭ್ಯವಿಲ್ಲದಿದ್ದರೆ ಉದ್ದದ ಮನೆಗಳನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡಿಕೊಂಡು ಚಿತ್ರ ಬಿಡಿಸಬೇಕು.

ಪಿಸಿಸ್ಟಿಚ್, ವಿನ್‌ಸ್ಟಿಚ್ ಮುಂತಾದವು ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್‌ಗಳು. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಕೆಎಕ್ಸ್‌ಸ್ಟಿಚ್ ಉಚಿತವಾಗಿ ಸಿಗುತ್ತದೆ. ಇವು ಯಾವುದೂ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ: ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಕಾಲಮ್ಮಿನ ಅಗಲವನ್ನೂ ಸಾಲಿನ ಎತ್ತರವನ್ನೂ ಸಮ ಮಾಡಿಕೊಂಡು, ಪ್ರತಿ ಮನೆಯಲ್ಲಿ ಒಂದು ಅಕ್ಷರ ತುಂಬಿ, ಒಂದೇ ಅಕ್ಷರದ ಮನೆಗಳನ್ನು ಎಣಿಸುವ ಕೌಂಟಿಫ್ (COUNTIF) ಸೂತ್ರದಿಂದ ಯಾವ ಬಣ್ಣದ ಹೊಲಿಗೆ ಎಷ್ಟು ಎಂದು ತಿಳಿಯಬಹುದು. ಎಣಿಕೆಯ ತತ್ತ್ವ ಕೈಗೆ ಹತ್ತುವವರೆಗೆ ಈ ದಾರಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಫೋಟೊದಿಂದ ನಕ್ಷೆ

ಕಲಿಯುವವರು ಹೆಚ್ಚು ಆಸೆಪಡುವುದೂ, ಹೆಚ್ಚು ಮೋಸಹೋಗುವುದೂ ಈ ಹಂತದಲ್ಲಿ. ಫೋಟೊ ಕೊಟ್ಟರೆ ಸಾಫ್ಟ್‌ವೇರ್ ಎರಡು ಕೆಲಸ ಮಾಡುತ್ತದೆ. ಮೊದಲನೆಯದಾಗಿ, ನಾವು ಹೇಳಿದಷ್ಟು ಮನೆಗಳಿಗೆ ಚಿತ್ರವನ್ನು ಕುಗ್ಗಿಸುತ್ತದೆ. ಎರಡನೆಯದಾಗಿ, ಪ್ರತಿ ಮನೆಯ ಬಣ್ಣಕ್ಕೆ ಅತಿ ಹತ್ತಿರವಿರುವ ದಾರದ ಬಣ್ಣವನ್ನು ತನ್ನ ಪಟ್ಟಿಯಿಂದ ಆರಿಸುತ್ತದೆ. ಸಾವಿರಾರು ಛಾಯೆಗಳಿರುವ ಫೋಟೊವನ್ನು ಇಪ್ಪತ್ತು ದಾರಗಳಿಗೆ ಇಳಿಸುವಾಗ ನಡುವಿನ ಛಾಯೆಗಳನ್ನು ತೋರಿಸಲು, ಎರಡು ಬಣ್ಣಗಳ ಚುಕ್ಕೆಗಳನ್ನು ಬೆರೆಸಿ ಚೆಲ್ಲುವ ವಿಧಾನವೊಂದಿದೆ. ಇದನ್ನು ಡಿದರಿಂಗ್ ಎನ್ನುತ್ತಾರೆ. 1976ರಲ್ಲಿ ಪ್ರಕಟವಾದ ಫ್ಲಾಯ್ಡ್–ಸ್ಟೈನ್‌ಬರ್ಗ್ ವಿಧಾನವು ಇವುಗಳಲ್ಲಿ ಹೆಸರಾದದ್ದು: ಒಂದು ಮನೆಯಲ್ಲಿ ಉಳಿದ ಬಣ್ಣದ ವ್ಯತ್ಯಾಸವನ್ನು ಅದು ಪಕ್ಕದ ಮತ್ತು ಕೆಳಗಿನ ಮನೆಗಳಿಗೆ ಹಂಚುತ್ತದೆ. ಪರದೆಯ ಮೇಲೆ ಇದರ ಫಲ ಬಹಳ ನಯವಾಗಿ ಕಾಣುತ್ತದೆ. ಆದರೆ ಬಟ್ಟೆಯ ಮೇಲೆ ಅದರ ಅರ್ಥವೇನೆಂದರೆ, ಒಂದು ಹೊಲಿಗೆ ಕಂದು, ಪಕ್ಕದ್ದು ಬೂದು, ಅದರಾಚೆಯದು ಮತ್ತೆ ಕಂದು; ಪ್ರತಿಯೊಂದಕ್ಕೂ ದಾರ ಬದಲಿಸಬೇಕು, ಹಿಂಬದಿಯಲ್ಲಿ ತುದಿ ಮುಚ್ಚಬೇಕು. ಹೀಗೆ ಒಂಟಿಯಾಗಿ ಚದುರಿದ ಹೊಲಿಗೆಗಳನ್ನು ಕನ್ಫೆಟ್ಟಿ ಎಂದು ಕರೆಯುತ್ತಾರೆ. ಕಲಿಯುವವರು ಡಿದರಿಂಗನ್ನು ಆಫ್ ಮಾಡಿಯೇ ಇಡಬೇಕು.

ನಮ್ಮ ಜಿಲ್ಲೆಯ ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ವಿಷಯ ಸ್ಪಷ್ಟವಾಗುತ್ತದೆ. ಕಿನ್ನಾಳದ ಮರದ ಗೊಂಬೆಗಳಿಗೆ ಬಳಿಯುವ ಕೆಂಪು, ಹಳದಿ, ಹಸಿರುಗಳು ಗಾಢವಾದವು, ಒಂದು ಬಣ್ಣ ಮುಗಿದು ಇನ್ನೊಂದು ತೊಡಗುವ ಗೆರೆಯೂ ಖಚಿತ. ಅಂಥ ಗೊಂಬೆಯನ್ನು ಬಿಳಿ ಗೋಡೆಯ ಮುಂದೆ, ನೆರಳು ಬೀಳದ ಬೆಳಕಿನಲ್ಲಿ ಹಿಡಿದ ಫೋಟೊ ಹತ್ತು ಹನ್ನೆರಡು ಬಣ್ಣಗಳಿಗೆ ಸುಲಭವಾಗಿ ಇಳಿಯುತ್ತದೆ. ಇಟಗಿಯ ಮಹಾದೇವ ದೇವಾಲಯದ ಫೋಟೊ ಹಾಗಲ್ಲ. ಕಲ್ಲಿನ ಒಂದೇ ಬೂದು ಬಣ್ಣ ಬಿಸಿಲು ನೆರಳುಗಳಲ್ಲಿ ನೂರಾರು ಛಾಯೆಗಳಾಗಿ ಒಡೆಯುತ್ತದೆ, ಕೆತ್ತನೆಯ ಸೂಕ್ಷ್ಮವೆಲ್ಲ 140 ಮನೆಗಳಲ್ಲಿ ಕಲೆಸಿಹೋಗುತ್ತದೆ, ಸಾಫ್ಟ್‌ವೇರ್ ಕೊಡುವುದು ಬರೀ ಕನ್ಫೆಟ್ಟಿಯ ರಾಶಿ. ಇಂಥ ವಸ್ತುವಿಗೆ ಫೋಟೊವನ್ನು ಮಸುಕು ಮಾಡಿ ಹಿನ್ನೆಲೆಯಲ್ಲಿಟ್ಟು, ಅದರ ಮೇಲೆ ಕೈಯಾರೆ ಮನೆ ತುಂಬುವುದೊಂದೇ ಸರಿಯಾದ ದಾರಿ.

ಫೋಟೊ ತಿದ್ದುವ ಸಾಫ್ಟ್‌ವೇರ್ ಆದ ಜಿಂಪ್ ಇದ್ದರೆ ಫೋಟೊವನ್ನು ಮೊದಲು ಅದರಲ್ಲಿ ಹದಗೊಳಿಸಬಹುದು. ಹಿನ್ನೆಲೆಯನ್ನು ಅಳಿಸಿ, ಅಗಲವನ್ನು 140 ಪಿಕ್ಸೆಲ್‌ಗೆ ಇಳಿಸಿ, ಇಮೇಜ್ ಮೆನುವಿನ ಮೋಡ್‌ನಲ್ಲಿ ಇಂಡೆಕ್ಸ್ಡ್ ಆರಿಸಿ, ಬಣ್ಣಗಳ ಸಂಖ್ಯೆಯನ್ನು 12 ಎಂದು ಕೊಟ್ಟು, ಡಿದರಿಂಗ್ ಬೇಡವೆಂದು ಹೇಳಿದರೆ, ಒಂದು ಪಿಕ್ಸೆಲ್ ಒಂದು ಹೊಲಿಗೆಯಾಗುವ ಚಿತ್ರ ಸಿದ್ಧವಾಗುತ್ತದೆ. ಬಳಿಕ ಒಂಟಿ ಮನೆಗಳನ್ನು ಹುಡುಕಿ ಪಕ್ಕದ ಬಣ್ಣಕ್ಕೆ ಸೇರಿಸುತ್ತಾ ಹೋಗಬೇಕು. ಇದು ತಾಳ್ಮೆ ಬೇಡುವ ಕೆಲಸ, ಆದರೆ ನಕ್ಷೆಯ ಗುಣಮಟ್ಟವನ್ನು ನಿರ್ಧರಿಸುವುದು ಇದೇ. ಕಣ್ಣಿನ ಹೊಳಪಿನಂಥ ಒಂಟಿ ಮನೆಯನ್ನು ಮಾತ್ರ ಅಳಿಸಬಾರದು. ಅದನ್ನು ತೆಗೆದರೆ ಮುಖಕ್ಕೆ ಜೀವವೇ ಇರುವುದಿಲ್ಲ.

ಕೈಯಾರೆ ಬಿಡಿಸುವಾಗ

1112ರಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಇಟಗಿಯ ದೇವಾಲಯವನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡುತ್ತದೆ. ಅದರ ಶಿಖರವು ಹಂತಹಂತವಾಗಿ ಕಿರಿದಾಗುತ್ತಾ ಮೇಲೇರುವುದರಿಂದ ಮನೆಗಳ ನಕ್ಷೆಗೆ ಚೆನ್ನಾಗಿ ಒಗ್ಗುತ್ತದೆ. ಎಡದ ಅರ್ಧವನ್ನಷ್ಟೇ ಬಿಡಿಸಿ, ಕನ್ನಡಿ ಬಿಂಬದ ಆಜ್ಞೆಯಿಂದ ಬಲದ ಅರ್ಧವನ್ನು ಪಡೆಯಬಹುದು. ಇಲ್ಲಿ ಗಮನಿಸಬೇಕಾದದ್ದು ನಡುಗೆರೆ. ಶಿಖರದ ತುದಿ ಒಂದೇ ಮನೆಯದಾಗಬೇಕಿದ್ದರೆ ಒಟ್ಟು ಅಗಲವು ಬೆಸಸಂಖ್ಯೆಯಲ್ಲಿರಬೇಕು: 35, ನಡುವೆ 1, ಮತ್ತೆ 35, ಒಟ್ಟು 71. ಅಗಲವನ್ನು 70 ಎಂದು ಇಟ್ಟುಕೊಂಡರೆ ತುದಿಯು ಎರಡು ಮನೆ ದಪ್ಪವಾಗಿ ಮೊಂಡಾಗುತ್ತದೆ.

ಓರೆ ಗೆರೆಗಳಲ್ಲಿ ಮೆಟ್ಟಿಲುಗಳು ಕ್ರಮ ತಪ್ಪಬಾರದು. ಎರಡು ಮನೆ ಏರಿ ಒಂದು ಮನೆ ಒಳಸರಿಯುವ ಗೆರೆಯು ಉದ್ದಕ್ಕೂ ಹಾಗೆಯೇ ನಡೆದರೆ ಕಣ್ಣಿಗೆ ನೇರವಾಗಿ ಕಾಣುತ್ತದೆ. ನಡುವೆ ಒಮ್ಮೆ ಮೂರು, ಒಮ್ಮೆ ಒಂದು ಬಂದರೆ ಗೆರೆ ಮುರಿದಂತೆ ತೋರುತ್ತದೆ. ಮನೆಯ ಒಂದು ಭಾಗವನ್ನಷ್ಟೇ ತುಂಬುವ ಕಾಲುಹೊಲಿಗೆ, ಮುಕ್ಕಾಲುಹೊಲಿಗೆಗಳಿಂದ ಅಂಚನ್ನು ನಯಗೊಳಿಸಬಹುದಾದರೂ, ಐಡಾದಲ್ಲಿ ಅದಕ್ಕಾಗಿ ರಂಧ್ರವಿಲ್ಲದ ನಡುಭಾಗವನ್ನು ಸೂಜಿಯಿಂದ ಚುಚ್ಚಬೇಕಾಗುವುದರಿಂದ ಆರಂಭದಲ್ಲಿ ಅವು ಬೇಡ.

ಬಣ್ಣ, ದಾರ, ಮುದ್ರಣ

ದಾರದ ಕಂಪನಿಗಳ ಬಣ್ಣಸಂಖ್ಯೆಗಳಲ್ಲಿ ಡಿಎಂಸಿಯ 310 ಮತ್ತು ಆ್ಯಂಕರ್‌ನ 403, ಎರಡೂ ಕಪ್ಪು. ಇಂಥ ಜೋಡಿಗಳ ಪಟ್ಟಿಯನ್ನು ಸಾಫ್ಟ್‌ವೇರ್ ಒದಗಿಸುತ್ತದೆ, ಆದರೆ ಉಳಿದ ಬಣ್ಣಗಳಲ್ಲಿ ಅದು ಹತ್ತಿರದ ಹೊಂದಾಣಿಕೆಯಷ್ಟೇ. ಪರದೆಯ ಬಣ್ಣ ಬೆಳಕಿನಿಂದಾದದ್ದು, ದಾರದ ಬಣ್ಣ ಅದ್ದಿದ್ದು. ಆದ್ದರಿಂದ ಪಟ್ಟಿಯನ್ನು ಅಂಗಡಿಗೆ ಒಯ್ದು, ಲಡಿಗಳನ್ನು ಹಗಲ ಬೆಳಕಿನಲ್ಲಿ ಅಕ್ಕಪಕ್ಕ ಹಿಡಿದು ನೋಡಿಯೇ ಕೊಳ್ಳಬೇಕು.

ಎಷ್ಟು ಲಡಿ ಬೇಕೆಂಬುದನ್ನು ಸಾಫ್ಟ್‌ವೇರ್ ಹೇಳುತ್ತದೆ, ಆದರೂ ಆ ಲೆಕ್ಕ ನಮಗೆ ತಿಳಿದಿರಬೇಕು. 14 ಕೌಂಟಿನಲ್ಲಿ ಒಂದು ಮನೆಯ ಬದಿ ಸುಮಾರು 1.8 ಮಿಲಿಮೀಟರ್. ಒಂದು ಹೊಲಿಗೆಯ ಮುಂಬದಿಯ ಎರಡು ಓರೆಗಳಿಗೆ ಸುಮಾರು 5.1, ಹಿಂಬದಿಯ ಎರಡು ನೇರಗಳಿಗೆ 3.6, ಒಟ್ಟು ಸುಮಾರು 8.8 ಮಿಲಿಮೀಟರ್ ದಾರ ಹಿಡಿಯುತ್ತದೆ. ಲಡಿಯ ಉದ್ದ 8 ಮೀಟರ್, ಎಳೆಗಳು ಆರು. ಎರಡೆಳೆಯಿಂದ ಹೊಲಿದರೆ 24 ಮೀಟರ್ ಸಿಗುತ್ತದೆ, ಅಂದರೆ ಲೆಕ್ಕದಲ್ಲಿ ಸುಮಾರು 2,700 ಹೊಲಿಗೆ. ತುದಿ ಮುಚ್ಚಲು, ಒಂದೆಡೆಯಿಂದ ಇನ್ನೊಂದೆಡೆಗೆ ದಾಟಲು ಮೂರನೆಯ ಒಂದು ಭಾಗ ಕಳೆದರೆ ಒಂದು ಲಡಿಗೆ 1,800 ಹೊಲಿಗೆ ಎಂದು ನಂಬಬಹುದು. ಒಂದು ಕೆಂಪಿಗೆ 2,300 ಹೊಲಿಗೆಗಳಿದ್ದರೆ ಎರಡು ಲಡಿಗಳನ್ನು ಒಟ್ಟಿಗೇ ಕೊಳ್ಳುವುದು ಕ್ಷೇಮ, ಏಕೆಂದರೆ ಬೇರೆ ಬೇರೆ ಸಲ ಅದ್ದಿದ ದಾರಗಳಲ್ಲಿ ಛಾಯೆ ಸ್ವಲ್ಪ ವ್ಯತ್ಯಾಸವಾಗಬಹುದು. ಸಾಫ್ಟ್‌ವೇರಿನ ಅಂದಾಜು ಇದಕ್ಕಿಂತ ಬಹಳ ದೂರವಿದ್ದರೆ, ಅದರಲ್ಲಿ ಎಳೆಗಳ ಸಂಖ್ಯೆ ಎಷ್ಟೆಂದು ನಮೂದಾಗಿದೆ ಎಂಬುದನ್ನು ಪರಿಶೀಲಿಸಬೇಕು.

ಮುದ್ರಣವನ್ನು ಝೆರಾಕ್ಸ್ ಅಂಗಡಿಯಲ್ಲಿ ಕಪ್ಪುಬಿಳುಪಿನಲ್ಲಿ ಮಾಡಿಸುವುದೇ ಹೆಚ್ಚಾದ್ದರಿಂದ, ಬಣ್ಣವನ್ನು ನಂಬದೆ ಚಿಹ್ನೆಗಳನ್ನು ಆರಿಸಬೇಕು. ಗಾಢ ಬಣ್ಣಕ್ಕೆ ತುಂಬಿದ ಚಿಹ್ನೆ, ತಿಳಿ ಬಣ್ಣಕ್ಕೆ ಚುಕ್ಕೆ ಅಥವಾ ಸಣ್ಣ ಗೆರೆ ಕೊಟ್ಟರೆ ಬಣ್ಣವಿಲ್ಲದೆಯೂ ಚಿತ್ರದ ಆಕಾರ ತಿಳಿಯುತ್ತದೆ. ಒಂದು ಮನೆ 3 ಮಿಲಿಮೀಟರ್ ಇದ್ದರೆ ಕಣ್ಣಿಗೆ ಹಿತ. ಆ ಅಳತೆಯಲ್ಲಿ ಎ4 ಹಾಳೆಯನ್ನು ಅಡ್ಡ ಇಟ್ಟರೆ 80 ಮನೆ ಅಗಲ, 60 ಮನೆ ಎತ್ತರ ಹಿಡಿಸುತ್ತದೆ. ನಮ್ಮ 140 ಮನೆ ಅಗಲ, 112 ಮನೆ ಎತ್ತರದ ನಕ್ಷೆಗೆ ನಾಲ್ಕು ಹಾಳೆ ಸಾಕು. ಹಾಳೆಯನ್ನು ಉದ್ದ ಇಟ್ಟರೆ ಆರು ಬೇಕಾಗುತ್ತವೆ. ಹತ್ತು ಮನೆಗಳಿಗೊಂದು ದಪ್ಪ ಗೆರೆ, ನಡುವನ್ನು ತೋರಿಸುವ ಬಾಣಗಳು, ಹಾಳೆಗಳ ಅಂಚಿನಲ್ಲಿ ಮರುಕಳಿಸುವ ಎರಡು ಸಾಲು, ಇವುಗಳನ್ನು ಮರೆಯಬಾರದು.

ಗವಂತಿಯ ನಕ್ಷೆ

ಇಳಕಲ್ ಸೀರೆಯ ಮೇಲೆ ಹಾಕುವ ಕಸೂತಿಯೂ ಎಳೆ ಎಣಿಸಿ ಮಾಡುವ ಕಲೆಯೇ. ಅದರ ಮೆಂತಿ ಹೊಲಿಗೆಯು ಕ್ರಾಸ್ ಸ್ಟಿಚ್ಚೇ ಆದ್ದರಿಂದ ಈವರೆಗಿನ ಮಾತುಗಳೆಲ್ಲ ಅದಕ್ಕೂ ಸಲ್ಲುತ್ತವೆ. ಕಸೂತಿಯ ಗೆರೆ ಹೊಲಿಗೆಗಳಾದ ಗವಂತಿ ಮತ್ತು ಮುರ್ಗಿಗಳಿಗೆ ಮನೆ ತುಂಬುವ ಬದಲು ಸಾಫ್ಟ್‌ವೇರಿನ ಬ್ಯಾಕ್ ಸ್ಟಿಚ್ ಗೆರೆಯನ್ನು ಬಳಸಬೇಕು. ಆ ಗೆರೆಗಳು ಗೋಪುರ, ತೇರು, ಆನೆಗಳ ರೂಪವನ್ನು ಸರಿಯಾಗಿ ತೋರಿಸುತ್ತವೆ, ಆದರೆ ಸೂಜಿ ಯಾವ ದಾರಿಯಲ್ಲಿ ನಡೆಯಬೇಕೆಂದು ಹೇಳುವುದಿಲ್ಲ. ಗಂಟು ಹಾಕದೆ, ಎರಡೂ ಬದಿ ಒಂದೇ ರೀತಿ ಕಾಣಬೇಕಾದ ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ, ಒಮ್ಮೆ ಮುಂದೆ, ಒಮ್ಮೆ ಹಿಂದೆ, ದಾಟಿ ಹೊರಟ ರಂಧ್ರಕ್ಕೇ ಮರಳಬೇಕು. ಆದ್ದರಿಂದ ನಕ್ಷೆ ಮುದ್ರಿಸಿದ ಮೇಲೆ, ಹೋಗುವ ದಾರಿಯನ್ನು ಕೆಂಪು ಪೆನ್ನಿನಿಂದಲೂ ಮರಳುವ ದಾರಿಯನ್ನು ನೀಲಿ ಪೆನ್ನಿನಿಂದಲೂ ಅಂಕೆ ಹಾಕಿ ಗುರುತಿಸಿಕೊಳ್ಳಬೇಕು. ಕವಲು ಬಂದಲ್ಲಿ ಮೊದಲು ಕವಲಿನ ತುದಿಯವರೆಗೆ ಹೋಗಿ, ಅಲ್ಲಿಂದ ಮರಳಿ, ಆಮೇಲೆ ಮುಖ್ಯ ಗೆರೆಯಲ್ಲಿ ಮುಂದುವರಿದರೆ ಯಾವ ಗೆರೆಯೂ ಬಿಟ್ಟುಹೋಗುವುದಿಲ್ಲ.